ಮಾದರಿ ರೈಲಿನ ಮುಂದೀಪ

ಮೇಜಿನ ಮೇಲೆ ಜೋಡಿಸಿದ ಪುಟ್ಟ ಹಳಿಗಳಲ್ಲಿ ಓಡುವ ಮಾದರಿ ರೈಲು ಯೂರೋಪು, ಅಮೆರಿಕಗಳಲ್ಲಿ ಮಕ್ಕಳ ಆಟಿಕೆಯಾಗಿ ಹುಟ್ಟಿ, ಕಾಲಕ್ರಮದಲ್ಲಿ ಪ್ರೌಢರ ಗಂಭೀರ ಹವ್ಯಾಸವಾಗಿ ಬೆಳೆಯಿತು. ಅಮೆರಿಕದಲ್ಲಿ 1935ರಷ್ಟು ಹಿಂದೆಯೇ ಇದಕ್ಕಾಗಿ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಗೊಂಡು, ಹಳಿ, ಗಾಲಿ ಮುಂತಾದವುಗಳಿಗೆ ಮಾನಕಗಳನ್ನು ಗೊತ್ತುಪಡಿಸಿತು. ಹೆಚ್ಚು ಪ್ರಚಾರದಲ್ಲಿರುವ ‘ಎಚ್.ಓ.’ ಪ್ರಮಾಣದಲ್ಲಿ ಮಾದರಿಯು ಮೂಲದ 87ರಲ್ಲಿ ಒಂದು ಪಾಲಿನಷ್ಟಿರುತ್ತದೆ. ಎಂಜಿನ್ನಿನ ಆಕಾರ, ಬಣ್ಣ, ಕಿಟಕಿ, ಕೈಪಿಡಿಗಳೆಲ್ಲವನ್ನೂ ಈ ಪ್ರಮಾಣಕ್ಕೆ ಇಳಿಸುವುದರಲ್ಲಿ ತಯಾರಕರು ಅಸಾಧಾರಣ ಕೌಶಲ ತೋರಿದ್ದಾರೆ. ಆದರೂ ಕೋಣೆಯ ದೀಪವನ್ನಾರಿಸಿ ಎಂಜಿನ್ನನ್ನು ಓಡಿಸಿದೊಡನೆ ಅದು ಆಟಿಕೆಯೆಂಬ ಗುಟ್ಟು ಎಷ್ಟೋ ವೇಳೆ ರಟ್ಟಾಗುತ್ತದೆ. ರಟ್ಟುಮಾಡುವುದು ಅದರ ಮುಂದೀಪ, ಅಂದರೆ ಹೆಡ್‌ಲೈಟು.

ಇಂತಹ ಸಂದರ್ಭದಲ್ಲಿ ಇನ್ನೂ ಪ್ರಖರವಾದ ದೀಪವನ್ನು ಅಳವಡಿಸುವುದು ಸಾಮಾನ್ಯ. ಆದರೆ ಕೊರತೆಯಿರುವುದು ಬೆಳಕಿನ ಪ್ರಮಾಣದಲ್ಲಲ್ಲ. ಬೆಳಕು ಇರಬಾರದ ಸ್ಥಳದಲ್ಲಿ, ಇರಬಾರದ ಬಣ್ಣದಲ್ಲಿ, ಇರಬಾರದ ಸಮಯದಲ್ಲಿ ಕಾಣಿಸುವುದೇ ದೋಷ. ಇದನ್ನರಿಯಲು ಮೊದಲು ನಿಜವಾದ ಎಂಜಿನ್ನಿನ ದೀಪವನ್ನು ಗಮನಿಸಬೇಕು.

ರೈಲಿನ ದೀಪ ಎಲ್ಲ ದೇಶಗಳಲ್ಲಿಯೂ ಒಂದೇ ಉದ್ದೇಶಕ್ಕೆ ಹುಟ್ಟಿದುದಲ್ಲ. ಬೇಲಿಯಿಲ್ಲದ ವಿಶಾಲ ಬಯಲುಗಳಲ್ಲಿ ಸಾಗುತ್ತಿದ್ದ ಅಮೆರಿಕದ ರೈಲುಗಳಿಗೆ ದಾರಿಯನ್ನು ದೂರದವರೆಗೆ ಬೆಳಗುವ ದೀಪ ಅನಿವಾರ್ಯವಾಯಿತು. ಎಣ್ಣೆಯ ದೀಪಗಳ ಅನಂತರ ವಿದ್ಯುದ್ದೀಪಗಳು ಬಂದವು. ಬ್ರಿಟನ್ನಿನಲ್ಲಿ ಹಳಿಗಳ ಇಬ್ಬದಿಗೂ ಬೇಲಿಯಿದ್ದುದರಿಂದ ಅಲ್ಲಿಯ ಉಗಿ ಎಂಜಿನುಗಳ ಮುಂದಿನ ಸಣ್ಣ ದೀಪಗಳು ದಾರಿ ಕಾಣಿಸುವುದಕ್ಕಿಂತ ಹೆಚ್ಚಾಗಿ, ಬರುತ್ತಿರುವುದು ಯಾವ ವರ್ಗದ ಗಾಡಿಯೆಂಬುದನ್ನು ತಿಳಿಸುತ್ತಿದ್ದವು. ಆದುದರಿಂದ ಬ್ರಿಟನ್ನಿನ ಉಗಿ ಎಂಜಿನ್ನಿನ ಮಾದರಿಗೆ ಕಣ್ಣು ಕುಕ್ಕುವ ದೀಪವನ್ನಿಟ್ಟರೆ ಅದು ಅಲಂಕಾರವಾಗದೆ ಅಪಚಾರವೇ ಆಗುತ್ತದೆ.

ಕಾಲವನ್ನೂ ಗಮನಿಸುವುದು ಅಗತ್ಯ. ಅಮೆರಿಕದ ಎಂಜಿನುಗಳಲ್ಲಿ ಮುಖ್ಯದೀಪದ ಕೆಳಗೆ, ಎಡಬಲಗಳಲ್ಲಿ, ಎರಡು ಉಪದೀಪಗಳಿರುವುದನ್ನು ಕಾಣಬಹುದು. ಒಂಟಿ ದೀಪವನ್ನು ಕಂಡವನಿಗೆ ಗಾಡಿ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬುದು ಸುಲಭವಾಗಿ ತಿಳಿಯದು. ಮೂರು ದೀಪಗಳು ತ್ರಿಕೋನವಾಗಿದ್ದರೆ, ಗಾಡಿ ಸಮೀಪಿಸಿದಂತೆಲ್ಲ ತ್ರಿಕೋನವು ಹಿಗ್ಗುತ್ತ ಹೋಗಿ ಅಪಾಯವನ್ನು ಸಾರುತ್ತದೆ. ಲೆವೆಲ್ ಕ್ರಾಸಿಂಗುಗಳಲ್ಲಿ ಜೀವಗಳನ್ನುಳಿಸಲು, ಗಂಟೆಗೆ 20 ಮೈಲಿಗಿಂತ ವೇಗವಾಗಿ ಅವುಗಳನ್ನು ದಾಟುವ ಎಂಜಿನುಗಳಿಗೆ ಈ ವ್ಯವಸ್ಥೆಯನ್ನು ಅಲ್ಲಿ 1997ರ ಅಂತ್ಯದೊಳಗೆ ಕಡ್ಡಾಯಗೊಳಿಸಲಾಯಿತು. 1950ರ ಕಾಲದ ಎಂಜಿನ್ನಿನ ಮಾದರಿಗೆ ಈ ತ್ರಿಕೋನವನ್ನು ಜೋಡಿಸಿದರೆ ಇತಿಹಾಸವೇ ತಪ್ಪಿದಂತಾಗುವುದು. ಭಾರತದ ಎಂಜಿನುಗಳ ನೆತ್ತಿಯ ಮೇಲೆ ಮಿನುಗುವ ಹಳದಿ ದೀಪವೂ ಇಂತಹುದೇ. ಅದು ಅಪಾಯ ಒದಗಿದಾಗ ಎದುರಿನಿಂದ ಬರುವ ಗಾಡಿಯನ್ನು ಎಚ್ಚರಿಸತಕ್ಕದ್ದು. ಸದಾ ಮಿನುಗಿಸಿ ನಲಿಯತಕ್ಕದ್ದಲ್ಲ.

ಇನ್ನು ಮೊದಲನೆಯ ದೋಷವಾದ ಸ್ಥಾನದ ವಿಚಾರ. ಅಮೆರಿಕದ ಡೀಸೆಲ್ ಎಂಜಿನುಗಳಲ್ಲಿ ಬಳಕೆಗೆ ಬಂದ ಜೋಡಿದೀಪಗಳಲ್ಲಿ ಒಂದೊಂದರ ವ್ಯಾಸ ಸುಮಾರು 7 ಅಂಗುಲ. ಇದನ್ನು 87ರಿಂದ ಭಾಗಿಸಿದರೆ ದೊರೆಯುವುದು 2 ಮಿಲಿಮೀಟರು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 3 ಮಿಲಿಮೀಟರಿನ ಎಲ್.ಇ.ಡಿ. ದೀಪವನ್ನು ನೇರವಾಗಿ ಕೂರಿಸಿದರೆ, ಅದು ಮೂಲದಲ್ಲಿ 10 ಅಂಗುಲಕ್ಕೂ ಮಿಗಿಲಾದ ದೀಪವಾಗಿಬಿಡುತ್ತದೆ! ಪರಿಹಾರವೆಂದರೆ ದೀಪವನ್ನು ಒಳಗೆ ಹಿಂದಕ್ಕೆ ಸರಿಸಿ, ಅದರ ಬೆಳಕನ್ನು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಯ ಮೂಲಕ ಹೊರಕ್ಕೆ ತರುವುದು. ಕಡ್ಡಿಯ ಒಳಮೈಯಲ್ಲಿ ಬೆಳಕು ಸಂಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತ ಸಾಗಿ, ತುದಿಯಲ್ಲಿ ಮಾತ್ರ ಹೊಮ್ಮುತ್ತದೆ. ತುದಿಗಳನ್ನು ನಯವಾದ ಮರಳು ಕಾಗದದಿಂದ ಉಜ್ಜಿ ಹೊಳಪುಗೊಳಿಸಬೇಕು. ಪ್ಲಾಸ್ಟಿಕ್ ಕವಚದ ಮೂಲಕವೂ ಸಂದುಗಳ ಮೂಲಕವೂ ಬೆಳಕು ಸೋರಿದರೆ ಎಂಜಿನ್ನಿನ ಮೈಯೇ ಕಂದೀಲಿನಂತೆ ಹೊಳೆಯುವುದು. ಕವಚದ ಒಳಮೈಗೆ ಕಪ್ಪು ಬಣ್ಣ ಬಳಿದು, ದೀಪಕ್ಕೆ ಕಪ್ಪು ಕೊಳವೆಯನ್ನು ತೊಡಿಸಿದರೆ ಈ ಸೋರಿಕೆ ನಿಲ್ಲುತ್ತದೆ.

ಎರಡನೆಯದು ಬಣ್ಣ. ನೀಲಿ ಎಲ್.ಇ.ಡಿ.ಯನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬಿಳಿಯ ಎಲ್.ಇ.ಡಿ. ಸಾಮಾನ್ಯವಾಗಿ ನೀಲಿ ಎಲ್.ಇ.ಡಿ.ಯ ಮೇಲೆ ಹಳದಿ ಹೊಳಪಿನ ಲೇಪವಿರುವುದೇ ಆದುದರಿಂದ, ಅದರ ಬೆಳಕಿನಲ್ಲಿ ಅನೇಕ ವೇಳೆ ನೀಲಿಯ ಛಾಯೆ ಉಳಿದಿರುತ್ತದೆ. ಹಿಂದಿನ ಎಂಜಿನುಗಳ ತಂತುದೀಪವಾದರೋ ಬೆಚ್ಚನೆಯ ಹಳದಿ ಬೆಳಕನ್ನು ಬೀರುತ್ತಿತ್ತು. ‘ಬೆಚ್ಚನೆಯ ಬಿಳಿ’ ಎಂದು ಮಾರುವ ಎಲ್.ಇ.ಡಿ.ಯನ್ನು ಆರಿಸುವುದು, ಇಲ್ಲವೆ ಪಾರದರ್ಶಕ ಹಳದಿ ಬಣ್ಣದ ತೆಳು ಲೇಪವನ್ನು ಕೊಡುವುದು ಉಚಿತ. ಇತ್ತೀಚೆಗೆ ನಿಜವಾದ ಎಂಜಿನುಗಳಿಗೂ ಎಲ್.ಇ.ಡಿ. ದೀಪಗಳು ಬಂದಿವೆ; ಅಂತಹವುಗಳ ಮಾದರಿಗೆ ಅಚ್ಚ ಬಿಳಿಯೇ ಸಲ್ಲುತ್ತದೆ.

ಮೂರನೆಯದು ಸಮಯ. ಹಳೆಯ ಪದ್ಧತಿಯಲ್ಲಿ ಹಳಿಗಳಿಗೆ ಹರಿಸುವ 12 ವೋಲ್ಟಿನವರೆಗಿನ ವಿದ್ಯುತ್ತನ್ನು ಏರಿಸಿ ಇಳಿಸಿ ವೇಗವನ್ನು ನಿಯಂತ್ರಿಸುತ್ತಾರೆ. ಹೀಗಾಗಿ ಗಾಡಿ ನಿಧಾನವಾದಂತೆ ದೀಪವೂ ಮಂಕಾಗಿ, ನಿಂತೊಡನೆ ಆರಿಹೋಗುತ್ತದೆ. ನಿಲ್ದಾಣದಲ್ಲಿ ನಿಂತ ಮಾತ್ರಕ್ಕೆ ದೀಪವಾರುವ ಎಂಜಿನ್ನನ್ನು ಯಾರೂ ಕಂಡಿಲ್ಲ. 1990ರ ದಶಕದಲ್ಲಿ ಪ್ರಚಾರಕ್ಕೆ ಬಂದ ಅಂಕೀಯ ನಿಯಂತ್ರಣ ಪದ್ಧತಿ ಈ ತೊಡಕನ್ನು ನಿವಾರಿಸಿತು. ಇದರಲ್ಲಿ ಹಳಿಗಳ ವಿದ್ಯುತ್ತು ಸದಾ ಒಂದೇ ಮಟ್ಟದಲ್ಲಿರುತ್ತದೆ. ಎಂಜಿನ್ನಿನೊಳಗಿನ ಪುಟ್ಟ ಫಲಕವು ಆಜ್ಞೆಗಳನ್ನರಿತು ಮೋಟಾರನ್ನೂ ದೀಪವನ್ನೂ ಬೇರೆಬೇರೆಯಾಗಿ ನಡೆಸುತ್ತದೆ. ಎದುರುಗಾಡಿಯ ಚಾಲಕನ ಕಣ್ಣಿಗೆ ತೊಂದರೆಯಾಗದಂತೆ ನಿಜವಾದ ಚಾಲಕನು ದೀಪವನ್ನು ಮಂದಗೊಳಿಸುವಂತೆ ಇಲ್ಲಿಯೂ ಮಾಡಬಹುದು. ಎಲ್.ಇ.ಡಿ. ಥಟ್ಟನೆ ಹೊತ್ತಿ ಥಟ್ಟನೆ ಆರುವುದಾದರೂ, ತಂತು ಕೆಂಪೇರಿ ಬೆಳಗುವ, ನಂದುತ್ತ ಕಪ್ಪಾಗುವ ಕ್ರಮವನ್ನು ಹಲವು ಫಲಕಗಳು ಅನುಕರಿಸಬಲ್ಲವು.

ಎಲ್.ಇ.ಡಿ.ಯೊಡನೆ ರೋಧಕವನ್ನು ಮರೆಯಬಾರದು. 12 ವೋಲ್ಟಿನಲ್ಲಿ ದೀಪವು ಸುಮಾರು 3 ವೋಲ್ಟನ್ನು ತೆಗೆದುಕೊಂಡರೆ 9 ಉಳಿಯುತ್ತದೆ. 1000 ಓಮಿನ ರೋಧಕವಿದ್ದರೆ ಹರಿಯುವ ವಿದ್ಯುತ್ತು 9 ಮಿಲಿಆಂಪಿಯರು; 3300 ಓಮಿನದಾದರೆ 3 ಮಿಲಿಆಂಪಿಯರಿಗೂ ಕಡಿಮೆ. ಕತ್ತಲೆಯ ಕೋಣೆಯಲ್ಲಿ ಈ ಎರಡನೆಯದೇ ಹಲವು ವೇಳೆ ಹೆಚ್ಚು ನೈಜವಾಗಿ ಕಾಣುವುದು.

ಈ ಪುಟ್ಟ ದೀಪಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆದರೆ ಅದನ್ನು ಸರಿಪಡಿಸುವ ವಿದ್ಯಾರ್ಥಿಗೆ ಪ್ರಮಾಣದ ಗಣಿತ, ಓಮನ ನಿಯಮ, ಬೆಳಕಿನ ಪ್ರತಿಫಲನ ಇವೆಲ್ಲವೂ ಕೈಯಿಂದಲೇ ಮನನವಾಗುತ್ತವೆ. ಅದಕ್ಕಿಂತ ಮಿಗಿಲಾಗಿ, ಒಂದು ವಸ್ತುವನ್ನು ಅನುಕರಿಸುವ ಮೊದಲು ಅದು ಯಾರ ಪ್ರಾಣರಕ್ಷಣೆಗಾಗಿ, ಯಾವ ಅಗತ್ಯಕ್ಕಾಗಿ ಹಾಗಿದೆಯೆಂದು ಕಣ್ತೆರೆದು ನೋಡುವ ಅಭ್ಯಾಸ ಬೆಳೆಯುತ್ತದೆ. ಹಾಗೆ ನೋಡಿದವನ ಕೈಯಲ್ಲಿ ದೀಪವು ಎಷ್ಟು ಬೇಕೋ ಅಷ್ಟೇ ಬೆಳಗುತ್ತದೆ.