ಚುಕ್ಕಿಯಂತೆ ಕಾಣುವ ಕಲ್ಲಿನ ಉದ್ದ

ಗಾಣಗಾಪುರದಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ 300 ಕಿ.ಮೀ. ಹೋದರೆ ಮಹಾರಾಷ್ಟ್ರದ ಲೋಣಾರ ಸರೋವರ. ಸುಮಾರು 1.8 ಕಿ.ಮೀ. ಅಗಲದ ಆ ದುಂಡು ಕುಳಿಯನ್ನು ತೋಡಿದ್ದು ಆಕಾಶದಿಂದ ಬಿದ್ದ ಕಲ್ಲು. ಆಳಂದ, ಅಫಜಲಪುರದ ಎರೆಹೊಲಗಳ ಅಡಿಯಲ್ಲಿರುವ ದಖ್ಖನ್ನಿನ ಕರಿಗಲ್ಲೇ ಅಲ್ಲಿಯೂ ಇದೆ. ಹೀಗಾಗಿ ಭೂಮಿಯ ಸಮೀಪ ಹಾಯುವ ಕ್ಷುದ್ರಗ್ರಹಗಳ ವಿಚಾರ ಈ ಸೀಮೆಗೆ ಪರಕೀಯವಲ್ಲ. ಆದರೆ ಕಲ್ಲು ಎಷ್ಟು ದೊಡ್ಡದು ಎಂದಷ್ಟೇ ಕೇಳಿದರೆ ಸಾಲದು, ಅದರ ಆಕಾರ ಮತ್ತು ತಿರುಗುವ ಬಗೆಯೂ ಗೊತ್ತಾಗಬೇಕು. ಬಿಸಿಲಿಗೆ ಕಾದ ಮೈ ತಿರುಗುತ್ತ ಶಾಖ ಬಿಡುವಾಗ ಕಲ್ಲಿಗೆ ತೀರ ಸಣ್ಣದೊಂದು ತಳ್ಳು ಸಿಗುತ್ತದೆ. ವರ್ಷಗಳು ಉರುಳಿದಂತೆ ಆ ತಳ್ಳೇ ಕಲ್ಲಿನ ದಾರಿಯನ್ನು ಸರಿಸುತ್ತದೆ. ಈ ಆಕಾರ ಒಂದು ನೋಟಕ್ಕೆ ದಕ್ಕುವುದಿಲ್ಲ, ಬಿಡದೆ ನೋಡಬೇಕು.

2011 ಎಜಿ5 ಎಂಬ ಕ್ಷುದ್ರಗ್ರಹವನ್ನೇ ನೋಡಿ. ಇದು 2040ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ 500ರಲ್ಲಿ 1 ಎಂದು 2012ರಲ್ಲಿ ಲೆಕ್ಕ ಹಾಕಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹವಾಯಿಯ ಜೆಮಿನಿ ದೂರದರ್ಶಕದ ಅಳತೆಗಳು ಬಂದ ಮೇಲೆ ಆ ಆತಂಕ ಕಳೆಯಿತು. 2023ರ ಫೆಬ್ರುವರಿ 3ರಂದು ಅದು 18 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋದಾಗ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನ 70 ಮೀಟರ್ ಆಂಟೆನಾ ಅದರತ್ತ ರೇಡಿಯೊ ಅಲೆಗಳನ್ನು ಕಳಿಸಿತು. ಕಲ್ಲಿನ ಹತ್ತಿರದ ಭಾಗದಿಂದ ಪ್ರತಿಧ್ವನಿ ಮೊದಲು ಮರಳುತ್ತದೆ, ದೂರದ ಭಾಗದಿಂದ ಚೂರು ತಡವಾಗಿ. ನಮ್ಮತ್ತ ತಿರುಗುವ ಅಂಚು ಅಲೆಯ ಕಂಪನಾಂಕವನ್ನು ಏರಿಸುತ್ತದೆ, ಆಚೆ ಸರಿಯುವ ಅಂಚು ಇಳಿಸುತ್ತದೆ. ಇವೆರಡರಿಂದ ಮೂಡಿದ ಚಿತ್ರದಲ್ಲಿ ಸುಮಾರು 500 ಮೀಟರ್ ಉದ್ದ, 150 ಮೀಟರ್ ಅಗಲದ, 9 ಗಂಟೆಗೊಮ್ಮೆ ಸುತ್ತುವ ಕಲ್ಲು ಕಂಡಿತು. ಅಲ್ಲಿಯವರೆಗೆ ರೇಡಾರ್ ನೋಡಿದ್ದ ಇಂಥ ಸಾವಿರಕ್ಕೂ ಹೆಚ್ಚು ಕಾಯಗಳಲ್ಲಿ ಇಷ್ಟು ನೀಳವಾದವು ಬಲು ವಿರಳ.

ಹಾಗಾದರೆ ರೇಡಾರ್ ಒಂದೇ ಸಾಕಲ್ಲ, ಬೆಳಕು ಅಳೆಯುವ ಚಿಕ್ಕ ದೂರದರ್ಶಕಗಳು ಯಾಕೆ ಎಂದು ಕೇಳಬಹುದು. ರೇಡಾರಿನ ಪ್ರತಿಧ್ವನಿ ದೂರ ಹೆಚ್ಚಿದಂತೆ ಬಹಳ ಬೇಗ ಕ್ಷೀಣಿಸುತ್ತದೆ. ಕಲ್ಲು ಸಮೀಪ ಬಂದ ಕೆಲವೇ ದಿನ ಅದರ ಆಟ. ಉಳಿದ ಕಾಲಕ್ಕೆ ಬೆಳಕೇ ಗತಿ. ಸೌತೆಕಾಯಿ ಅಡ್ಡಲಾಗಿ ಕಂಡಾಗ ಉದ್ದ, ತುದಿಯಿಂದ ಕಂಡಾಗ ಬಿಲ್ಲೆಯಷ್ಟು. ನೀಳ ಕಲ್ಲೂ ಹಾಗೆಯೇ ಒಂದು ಸುತ್ತಿನಲ್ಲಿ ಎರಡು ಸಲ ಬೆಳಗಿ ಎರಡು ಸಲ ಮಂಕಾಗುತ್ತದೆ. ಮೈಮೇಲೊಂದು ಬಿಳಿ ಮಚ್ಚೆಯಿದ್ದರೂ ಬೆಳಕು ಏರಿಳಿಯದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದು ಮಚ್ಚೆ ಸುತ್ತಿಗೊಮ್ಮೆ ಮಾತ್ರ ಎದುರಾಗುತ್ತದೆ. ಹೆಚ್ಚುಕಡಿಮೆ ಸಮನಾದ ಎರಡು ಏರಿಕೆಗಳು ಬಂದರೆ ಆಕಾರದತ್ತಲೇ ಬೊಟ್ಟು ಮಾಡಬೇಕು.

ಕರ್ನಾಟಕದ ಪಾಲೂ ಇರುವುದು ಇಲ್ಲೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಮತ್ತು ಸಂಗಡಿಗರು 1988ರಲ್ಲಿ 4130 ರಾಮಾನುಜನ್ ಎಂಬ ಕ್ಷುದ್ರಗ್ರಹವನ್ನು ಪತ್ತೆ ಮಾಡಿದ್ದರು. ಅದು ಮಂಗಳ–ಗುರುಗಳ ನಡುವಿನ ಪಟ್ಟಿಯದು. ಅದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತದೆ. ಅಮೆರಿಕದಲ್ಲಿ ಹಗಲಾದಾಗ ನಮಗೆ ಕತ್ತಲು. 9 ಗಂಟೆಯ ಸುತ್ತನ್ನು ಬೇಸಿಗೆಯ ಚಿಕ್ಕ ರಾತ್ರಿಯಲ್ಲಿ ಒಂದೇ ಊರಿನಿಂದ ಪೂರ್ತಿ ನೋಡಲಾಗದು. ಬಿಟ್ಟುಹೋದ ತುಣುಕನ್ನು ಇಲ್ಲಿಂದ ತುಂಬಬಹುದು. ಬಡಿಯದ ಕಲ್ಲಿಗೆ ಇಷ್ಟು ದುಡಿಮೆ ದಂಡ ಎನ್ನುವವರು ನೆನೆಯಬೇಕು, ಬಡಿಯುವುದಿಲ್ಲವೆಂದು ಗೊತ್ತಾದದ್ದೇ ನೋಡಿದ್ದರಿಂದ. 2029ರ ಏಪ್ರಿಲ್ 13ರಂದು ಮತ್ತೊಂದು ನೀಳ ಕಲ್ಲು ಅಪೋಫಿಸ್ ನೆಲದಿಂದ ಸುಮಾರು 32,000 ಕಿ.ಮೀ. ಮೇಲೆ ಹಾಯಲಿದೆ. ಭೂಮಿಯ ಸೆಳೆತಕ್ಕೆ ಅದರ ತಿರುಗುವ ಬಗೆಯೇ ಬದಲಾಗುವ ನಿರೀಕ್ಷೆಯಿದೆ, ಅದನ್ನು ಅಳೆಯಲು ಹಿಂದಿನ ರಾತ್ರಿಗಳ ದಾಖಲೆಯೂ ಮುಂದಿನ ರಾತ್ರಿಗಳ ದಾಖಲೆಯೂ ಬೇಕು.