ಹುಲ್ಲುಗಾವಲಿನ ಬೆಂಕಿಯೂ ಎಳೆಯ ಮರಗಳೂ

ಕಾಡಿಗೆ ಬೆಂಕಿ ಬಿದ್ದಿತೆಂದರೆ ಅಲ್ಲಿನ ಸಸಿಗಳೆಲ್ಲ ಸತ್ತುಹೋದುವೆಂದೇ ನಾವು ಭಾವಿಸುತ್ತೇವೆ. ದಟ್ಟವಾದ ನಿತ್ಯಹರಿದ್ವರ್ಣದ ಕಾಡಿನಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಹುಲ್ಲೂ ಬಿಡಿಬಿಡಿಯಾದ ಮರಗಳೂ ಕೂಡಿ ಬೆಳೆಯುವ ಸವಾನ್ನಾ ಪ್ರದೇಶಗಳಲ್ಲಿ ಸಂಗತಿ ಬೇರೆ. ಅಲ್ಲಿ ಬೇರೂರಿದ ಸಸಿಯನ್ನು ಬೆಂಕಿ ಕೊಲ್ಲುವುದು ಅಪರೂಪ. ಮರವಾಗಗೊಡದೆ ತಡೆಯುವುದೇ ಹೆಚ್ಚು.

ಆಫ್ರಿಕದ ಸವಾನ್ನಾಗಳನ್ನೇ ನೋಡೋಣ. ಮಳೆಗಾಲದಲ್ಲಿ ಸೊಂಪಾಗಿ ಬೆಳೆದ ಹುಲ್ಲು ಮಳೆ ನಿಂತ ಮೇಲೆ ಒಣಗಿ ನಿಲ್ಲುತ್ತದೆ. ಸಿಡಿಲಿನಿಂದಲೋ ಮನುಷ್ಯನ ಕೈಯಿಂದಲೋ ಕಿಡಿ ತಗಲಿದರೆ ಬೆಂಕಿ ಗಾಳಿಯೊಡನೆ ಓಡುತ್ತದೆ. ಜ್ವಾಲೆ ಎರಡು ಮೂರು ಮೀಟರು ಎತ್ತರಕ್ಕೆ ಏಳಬಹುದು. ಆದರೆ ಒಂದೆಡೆ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಮಣ್ಣು ಉಷ್ಣವನ್ನು ಸುಲಭವಾಗಿ ಒಳಕ್ಕೆ ಬಿಡದುದರಿಂದ, ಕೆಲವೇ ಸೆಂಟಿಮೀಟರು ಆಳದಲ್ಲಿರುವ ಬೇರಿಗೆ ಮೇಲಿನ ಸುದ್ದಿಯೇ ಮುಟ್ಟದು.

ಕಾಂಡದ ಪಾಡು ಹಾಗಲ್ಲ. ತೊಗಟೆಯ ಒಳಗೆ ಹೊಸ ಜೀವಕೋಶಗಳನ್ನು ಹುಟ್ಟಿಸುವ ತೆಳ್ಳನೆಯ ಪದರವೊಂದುಂಟು. ಕೇಂಬಿಯಂ ಎಂದು ಅದರ ಹೆಸರು. ಸುಮಾರು 60 ಡಿಗ್ರಿ ಸೆಂಟಿಗ್ರೇಡು ಕಾವಿಗೆ ಅದು ಸಾಯುತ್ತದೆ. ದೊಡ್ಡ ಮರಕ್ಕೆ ದಪ್ಪನೆಯ ತೊಗಟೆಯ ಕವಚವಿದೆ. ಎಲೆಗಳೂ ಜ್ವಾಲೆಗೆ ಎಟುಕವು. ಸಸಿಗೆ ಇವೆರಡೂ ಇಲ್ಲ. ಅದರ ಕಾಂಡ ಬುಡದವರೆಗೂ ಸುಟ್ಟುಹೋಗುತ್ತದೆ. ಮತ್ತೆ ಮಳೆ ಬಂದಾಗ, ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಹೊಸ ಚಿಗುರು ಏಳುತ್ತದೆ. ಆ ಚಿಗುರು ಜ್ವಾಲೆಯ ಎತ್ತರವನ್ನು ಮೀರುವ ಮೊದಲೇ ಇನ್ನೊಂದು ಬೆಂಕಿ ಬಂದರೆ ಎಲ್ಲವೂ ಮತ್ತೆ ಮೊದಲಿನಿಂದ. ಹೀಗಾಗಿ ನಮ್ಮ ಮೊಣಕಾಲೆತ್ತರದ ಗಿಡವೊಂದರ ಬೇರು ಹಲವು ದಶಕಗಳಷ್ಟು ಹಳೆಯದಾಗಿರಬಹುದು. ಇಂತಹ ಗಿಡಗಳನ್ನು ವಿಜ್ಞಾನಿಗಳು ‘ಗಲಿವರ್’ ಎಂದು ಕರೆದಿದ್ದಾರೆ. ಕುಳ್ಳರ ನಾಡಿನಲ್ಲಿ ದೈತ್ಯನೂ ದೈತ್ಯರ ನಾಡಿನಲ್ಲಿ ಕುಳ್ಳನೂ ಆದ ಸ್ವಿಫ್ಟನ ಕಥಾನಾಯಕನನ್ನು ವಾಚಕರು ಬಲ್ಲರಷ್ಟೆ. ಹೆಸರು ಚೆನ್ನಾಗಿ ಒಪ್ಪುತ್ತದೆ.

ಇದು ಬರಿಯ ಊಹೆಯಲ್ಲ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. ಸುಮಾರು 7 ಹೆಕ್ಟೇರಿನ ತಾಕುಗಳನ್ನು ಗುರುತಿಸಿ, ಕೆಲವನ್ನು ಪ್ರತಿವರ್ಷ, ಕೆಲವನ್ನು ಎರಡು ಅಥವಾ ಮೂರು ವರ್ಷಕ್ಕೊಮ್ಮೆ, ಬೇರೆ ಬೇರೆ ತಿಂಗಳುಗಳಲ್ಲಿ ಸುಡುತ್ತ ಬಂದರು. ಕೆಲವಕ್ಕೆ ಬೆಂಕಿ ಸೋಕದಂತೆ ಕಾಯ್ದರು. ನಾಲ್ಕು ದಶಕಗಳ ಫಲವನ್ನು ಕುರಿತ ವರದಿ 2007ರಲ್ಲಿ ಪ್ರಕಟವಾಯಿತು. ಗಿಡಮರಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ; ವ್ಯತ್ಯಾಸವೆಲ್ಲ ಅವುಗಳ ಗಾತ್ರದಲ್ಲಿತ್ತು.

ಬೆಂಕಿ ಬೀಳುವ ಕಾಲವೂ ಮುಖ್ಯ. ಒಣಗಾಲದ ಆರಂಭದಲ್ಲಿ ಹುಲ್ಲಿನಲ್ಲಿ ಇನ್ನೂ ತೇವವಿರುವುದರಿಂದ ಬೆಂಕಿ ಮೆಲ್ಲಗೆ, ತಗ್ಗಾಗಿ ಉರಿಯುತ್ತದೆ. ಕೊಂಚ ಎತ್ತರದ ಸಸಿ ಪಾರಾಗಬಹುದು. ಒಣಗಾಲದ ಕೊನೆಯ ಬೆಂಕಿ ಉಗ್ರವಾದುದು. ಹಾಗೆಂದು ಬೆಂಕಿಯನ್ನು ಪೂರ್ತಿಯಾಗಿ ತಡೆದರೆ, ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವೆಡೆ ಮರಗಳು ಒತ್ತಾಗಿ ಬೆಳೆದು ನೆರಳು ಕವಿಯುತ್ತದೆ, ಹುಲ್ಲು ಅಳಿಯುತ್ತದೆ, ಮೇಯುವ ಪ್ರಾಣಿಗಳ ಮೇವೂ ಅದರೊಡನೆ ಹೋಗುತ್ತದೆ.

ನಮ್ಮ ನಾಡಿಗೂ ಈ ವಿಚಾರಕ್ಕೂ ಸಂಬಂಧವಿದೆ. ಎಲೆ ಉದುರಿಸುವ ನಮ್ಮ ಅನೇಕ ಕಾಡುಗಳು ನೆಲದಲ್ಲಿ ಹುಲ್ಲಿರುವ ಸವಾನ್ನಾಗಳೇ ಸರಿ ಎಂದು ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಸಂಗಡಿಗರು 2011ರಲ್ಲಿ ವಾದಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆ ಬಲಿಯುವ ಮುನ್ನವೇ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಬಳಿಕ ಈ ರೂಢಿ ನಿಂತಿತು. ಅಲ್ಲಿ ಲಂಟಾನ ಹಬ್ಬಲು ಇದೂ ಒಂದು ಕಾರಣವೆಂಬುದು ಸೋಲಿಗರ ಮಾತು, ಅದನ್ನು ತಳ್ಳಿಹಾಕುವಂತಿಲ್ಲ. ಲಂಟಾನದ ಮೆಳೆಯ ಕೆಳಗೆ ಸಸಿಗಳಿಗೆ ಬಿಸಿಲು ಸಾಲದು. ಬೇಸಗೆಯ ಕೊನೆಯಲ್ಲಿ ಕಿಡಿ ಬಿದ್ದರೆ, ಒಣಗಿದ ಅದರ ಕಡ್ಡಿಗಳನ್ನು ಹಿಡಿದು ಜ್ವಾಲೆ ಹುಲ್ಲಿಗಿಂತಲೂ ಮೇಲಕ್ಕೇರಬಲ್ಲದು. ಸಸಿ ದಾಟಬೇಕಾದ ಎತ್ತರವೂ ಅಷ್ಟು ಹೆಚ್ಚುತ್ತದೆ.