ಗುರಿಹಾಳೆಯೂ ಒಂದು ದಾಖಲೆ: ಸ್ವಿಸ್ ಸೇನಾ ಪಿಸ್ತೂಲುಗಳ ಸಂಗ್ರಹ

ಹಳೆಯ ಸೇನಾ ಪಿಸ್ತೂಲುಗಳನ್ನು ಕೂಡಿಡುವವರಲ್ಲಿ ಎರಡು ಬಗೆಯವರಿದ್ದಾರೆ ಎನ್ನುವುದುಂಟು. ಮೊದಲ ಬಗೆಯವರು ಇತಿಹಾಸದ ಬೆನ್ನು ಹತ್ತಿದವರು. ಪಿಸ್ತೂಲಿನ ಮೇಲಿನ ಮುದ್ರೆ, ಕ್ರಮಸಂಖ್ಯೆ, ಚರ್ಮದ ಒರೆಯ ಮೇಲಿನ ಇಸವಿ ಅವರಿಗೆ ಮುಖ್ಯ. ಅದರಿಂದ ಮತ್ತೆ ಗುಂಡು ಹಾರಿಸುವ ಗೊಡವೆ ಅವರಿಗಿಲ್ಲ. ಎರಡನೆಯವರು ಗುರಿಕಾರರು. ಹಿಡಿ ಕೈಗೆ ಹೇಗೆ ಕೂರುತ್ತದೆ, ಟ್ರಿಗರ್ ಎಷ್ಟು ನಯವಾಗಿ ಬಿಡುತ್ತದೆ, ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದಷ್ಟೇ ಅವರ ಲೆಕ್ಕ. ಈ ವಿಂಗಡಣೆ ಅನುಕೂಲದ್ದು, ಆದರೆ ಸರಿಯಾದದ್ದಲ್ಲ. ಸೇನಾ ಪಿಸ್ತೂಲಿನ ಗುರಿಯ ಗುಣ ಅದರ ಇತಿಹಾಸದಿಂದಲೇ ಹುಟ್ಟುತ್ತದೆ. ಅದು ಹೇಗೆ ಗುಂಡು ಹಾರಿಸುತ್ತದೆ ಎಂದು ತಿಳಿಯದವನಿಗೆ ಅದರ ಇತಿಹಾಸವೂ ಅರ್ಧವೇ ದಕ್ಕುತ್ತದೆ. ಇದನ್ನು ಎಲ್ಲಕ್ಕಿಂತ ನಿಚ್ಚಳವಾಗಿ ತೋರಿಸುವುದು ಸ್ವಿಟ್ಜರ್ಲೆಂಡಿನ ಸೇನಾ ಪಿಸ್ತೂಲುಗಳು.

1900ರಲ್ಲಿ ಸ್ವಿಸ್ ಸೇನೆ ತನ್ನ ಅಧಿಕಾರಿಗಳ 1882ರ ಮಾದರಿಯ ರಿವಾಲ್ವರಿನ ಜಾಗಕ್ಕೆ ಗೇಯೊರ್ಗ್ ಲೂಗರ್ ರೂಪಿಸಿದ ಸ್ವಯಂಚಾಲಿತ ಪಿಸ್ತೂಲನ್ನು ತಂದುಕೊಂಡಿತು. ಲೂಗರ್ ಹೆಸರು ಕೇಳಿದೊಡನೆ ಜರ್ಮನ್ ಸೈನಿಕನ ಚಿತ್ರ ಕಣ್ಣಮುಂದೆ ಬರುವುದು ಸಹಜ. ಆದರೆ ಜರ್ಮನ್ ನೌಕಾಪಡೆ ಅದನ್ನು ಒಪ್ಪಿದ್ದು 1904ರಲ್ಲಿ, ಭೂಸೇನೆ ಒಪ್ಪಿದ್ದು 1908ರಲ್ಲಿ. ಬರ್ಲಿನ್ನಿನ ಡಿ.ಡಬ್ಲ್ಯು.ಎಂ. ಕಾರ್ಖಾನೆಯಿಂದ ಬಂದ ಈ ಪಿಸ್ತೂಲಿಗೆ ಮೊದಲು ಸೇನೆಯ ಬಾಗಿಲು ತೆರೆದದ್ದು ಸ್ವಿಟ್ಜರ್ಲೆಂಡ್. ಗುಂಡು ಹಾರಿದಾಗ ಇದರ ನಳಿಗೆ ನೇರವಾಗಿ ಹಿಂದೆ ಸರಿಯುತ್ತದೆ, ಜೊತೆಗೇ ಹಿಂದೆ ಬಂದ ಬೀಗದ ಕೀಲು ಮೊಣಕಾಲಿನಂತೆ ಮೇಲಕ್ಕೆ ಮಡಚಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ನಳಿಗೆ ಓರೆಯಾಗದೆ ಪ್ರತಿ ಸಲವೂ ಅದೇ ಜಾಗಕ್ಕೆ ಮರಳುವುದರಿಂದ, ಹಿಡಿ ಕೈಯ ಸಹಜ ಓರೆಗೆ ಹೊಂದುವುದರಿಂದ, ಸ್ವಿಸ್ ಸೇನೆ ಆರಿಸಿದ 7.65 ಮಿ.ಮೀ. ತೋಟಾದ ಗುಂಡು ನೇರಕ್ಕೆ ಹಾರುವುದರಿಂದ ಇದು ಆ ಕಾಲದ ಗುರಿಕಾರರ ಮೆಚ್ಚುಗೆ ಗಳಿಸಿತು. ಟ್ರಿಗರಿನ ಒತ್ತಡ ಸುತ್ತುಬಳಸಿ ಪಕ್ಕದ ಸನ್ನೆಯ ಮೂಲಕ ಹೋಗುವುದು ಇದರ ಕೊರತೆ. ಈ ಗುಣವನ್ನೂ ಕೊರತೆಯನ್ನೂ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಕಾಣಲಾಗದು.

ಹಾಗೆಂದು ಮುದ್ರೆ, ಸಂಖ್ಯೆಗಳ ಓದು ಕೀಳಲ್ಲ. ಲೂಗರಿನ ಭಾಗಗಳನ್ನು ಕೆಲಸಗಾರರು ಕೈಯಿಂದ ಒಂದಕ್ಕೊಂದು ಹೊಂದಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವ ಭರವಸೆ ಇರಲಿಲ್ಲ. ಅದಕ್ಕೇ ಸಣ್ಣ ಸಣ್ಣ ಭಾಗಗಳ ಮೇಲೂ ಸಂಖ್ಯೆ ಕೊರೆಯುತ್ತಿದ್ದರು. ಎಲ್ಲ ಭಾಗಗಳ ಸಂಖ್ಯೆ ತಾಳೆಯಾದ ಪಿಸ್ತೂಲಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದನ್ನು ಬರಿಯ ಗೀಳು ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಸಂಖ್ಯೆ ತಾಳೆಯಾದರೆ ಆ ಹೊಂದಾಣಿಕೆ ಕೆಡದೆ ಉಳಿದಿದೆ ಎಂದರ್ಥ, ಹೊಂದಾಣಿಕೆ ಉಳಿದಲ್ಲಿ ಗುರಿಯೂ ಉಳಿದಿರುತ್ತದೆ. ಮುದ್ರೆಗಳದ್ದೂ ಇದೇ ಕಥೆ. ಆರಂಭದ ಪಿಸ್ತೂಲುಗಳ ಮೇಲೆ ಸೂರ್ಯಕಿರಣಗಳ ನಡುವಿನ ಶಿಲುಬೆ, ಆಮೇಲಿನವುಗಳ ಮೇಲೆ ಗುರಾಣಿಯೊಳಗಿನ ಶಿಲುಬೆ ಇದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪೂರೈಕೆ ನಿಂತಾಗ ಬರ್ನ್ ನಗರದ ಸರ್ಕಾರಿ ಶಸ್ತ್ರ ಕಾರ್ಖಾನೆ ತಾನೇ ಲೂಗರ್ ತಯಾರಿಕೆಗೆ ಇಳಿಯಿತು. ಖರ್ಚು ತಗ್ಗಿಸಲು 1929ರ ಮಾದರಿಯಲ್ಲಿ ಹಿಡಿಯ ಮುಂಬದಿಯ ಬಾಗನ್ನು ತೆಗೆದು ನೆಟ್ಟಗೆ ಮಾಡಿತು. ಪಕ್ಕದ ಮಹಾಶಕ್ತಿಯನ್ನು ನೆಚ್ಚಿಕೊಂಡ ಸಣ್ಣ ದೇಶವೊಂದು ಸ್ವಾವಲಂಬನೆಯತ್ತ ಹೊರಳಿದ ಬಗೆ ಆ ಹಿಡಿಯ ಆಕಾರದಲ್ಲೇ ದಾಖಲಾಗಿದೆ.

ಲೂಗರ್ ತಯಾರಿಕೆ ದುಬಾರಿಯೆಂಬ ಚಿಂತೆಯೇ ಅದರ ಉತ್ತರಾಧಿಕಾರಿಯ ಹುಟ್ಟಿಗೂ ಕಾರಣವಾಯಿತು. ರೈನ್ ಜಲಪಾತದ ಬಳಿಯ ನೊಯ್‌ಹೌಸನ್ನಿನಲ್ಲಿ 1853ರಲ್ಲಿ ರೈಲು ಬೋಗಿ ಕಟ್ಟಲು ಶುರುವಾಗಿ, ಮುಂದೆ ಬಂದೂಕಿನ ಗುತ್ತಿಗೆ ಗೆದ್ದು ಬೆಳೆದ ಸಿಗ್ ಕಂಪನಿ, ಫ್ರೆಂಚ್ ಸೇನೆಗೆ 1935ರ ಪಿಸ್ತೂಲು ರೂಪಿಸಿದ್ದ ಸ್ವಿಸ್ ಮೂಲದ ಶಾರ್ಲ್ ಪೆಟರ್ ಅವರ ವಿನ್ಯಾಸದ ಪೇಟೆಂಟ್ ಬಳಸುವ ಪರವಾನಗಿಯನ್ನು 1937ರಲ್ಲಿ ಪಡೆಯಿತು. ವರ್ಷಗಟ್ಟಲೆ ಪರೀಕ್ಷೆ, ತಿದ್ದುಪಡಿ ನಡೆದು 1949ರಲ್ಲಿ ಸೇನೆ ಅದರಿಂದ ಬೆಳೆದ ಪಿಸ್ತೂಲನ್ನು ‘ಪಿಸ್ತೂಲು 49’ ಎಂದು ಸ್ವೀಕರಿಸಿತು; ಡೆನ್ಮಾರ್ಕಿನ ಸೇನೆಯೂ ಅದನ್ನೇ ಆರಿಸಿಕೊಂಡಿತು. ಜಗತ್ತು ಇಂದು ಅದನ್ನು ಸಿಗ್ ಪಿ210 ಎಂದು ಗುರುತಿಸುತ್ತದೆ. ಹೆಚ್ಚಿನ ಪಿಸ್ತೂಲುಗಳಲ್ಲಿ ಸ್ಲೈಡ್ ಚೌಕಟ್ಟನ್ನು ಹೊರಗಿನಿಂದ ಅಪ್ಪಿ ಜಾರಿದರೆ, ಇದರಲ್ಲಿ ಚೌಕಟ್ಟಿನ ಒಳಗಿನ ಉದ್ದನೆಯ ಹಳಿಗಳಲ್ಲಿ ಸಡಿಲವಿಲ್ಲದೆ ಜಾರುತ್ತದೆ. ಸುತ್ತಿಗೆ ಮತ್ತು ಅದರ ಸ್ಪ್ರಿಂಗಿನ ಇಡೀ ಜೋಡಣೆಯನ್ನು ಒಂದೇ ತುಂಡಾಗಿ ಹೊರತೆಗೆಯಬಹುದು. ಮಾರಾಟದ ಪಿಸ್ತೂಲಿನ ಜೊತೆ 50 ಮೀಟರಿನಿಂದ ಪರೀಕ್ಷಿಸಿದ ಗುರಿಹಾಳೆಯನ್ನೂ ಕೊಡುತ್ತಿದ್ದರು; ಆಸರೆಯ ಮೇಲಿಟ್ಟು ಹೊಡೆದ ಗುಂಡುಗಳು ಸುಮಾರು 5 ಸೆಂ.ಮೀ. ಅಗಲದೊಳಗೆ ಬೀಳುವುದು ಇದಕ್ಕೆ ವಿಶೇಷವೇನಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲು ವಿಭಾಗದಲ್ಲಿ ಹತ್ತು ಅಂಕದ ವೃತ್ತದ ಅಗಲವೂ 5 ಸೆಂ.ಮೀ. ಸ್ಪರ್ಧೆಗೆಂದೇ ಕಟ್ಟಿದ ಸಣ್ಣ ತೋಟಾದ ಪಿಸ್ತೂಲಿನ ಗುರಿಗೆ 9 ಮಿ.ಮೀ. ಸೇನಾ ಪಿಸ್ತೂಲೊಂದು ಇಷ್ಟು ಸಮೀಪ ಬರುವುದು ಸಣ್ಣ ಮಾತಲ್ಲ.

ಕೈಯಳತೆಯ ದೂರದಲ್ಲಿ ಬಳಕೆಯಾಗುವ ಆಯುಧಕ್ಕೆ ಇಷ್ಟು ನಿಖರತೆ ಏಕೆ ಬೇಕಿತ್ತು? ಉತ್ತರ ಸ್ವಿಸ್ ಸಮಾಜದಲ್ಲಿದೆ. ಅಲ್ಲಿನ ಸೇನೆ ನಾಗರಿಕರ ಪಡೆ. ಸೈನಿಕ ಆಯುಧವನ್ನು ಮನೆಯಲ್ಲೇ ಇಟ್ಟುಕೊಂಡು, ಊರಿನ ಗುರಿಕಾರರ ಸಂಘದಲ್ಲಿ ಅಭ್ಯಾಸ ಮಾಡಿ, ಸೇವೆ ಮುಗಿದ ಮೇಲೆ ನಿಯಮದಂತೆ ಅದನ್ನು ತನ್ನದಾಗಿಸಿಕೊಳ್ಳಬಹುದಿತ್ತು. ವರ್ಷಕ್ಕೊಮ್ಮೆ ದೇಶದಾದ್ಯಂತ ನಡೆಯುವ ಫೆಲ್ಡ್‌ಶೀಸನ್ ಎಂಬ ಗುರಿ ಉತ್ಸವದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇನಾ ಮಾದರಿಯ ಬಂದೂಕು, ಪಿಸ್ತೂಲು ಹಿಡಿದು ಭಾಗವಹಿಸುತ್ತಾರೆ. ಅಧಿಕಾರಿಯ ಸೊಂಟದ ಪಿಸ್ತೂಲೇ ಭಾನುವಾರದ ಸ್ಪರ್ಧೆಯ ಪಿಸ್ತೂಲೂ ಆಗುವ ನಾಡಿನಲ್ಲಿ ನಿಖರತೆ ಸೌಕರ್ಯವಲ್ಲ, ಅಗತ್ಯ. ಪಿ210ರ ಸೇನಾ ಪ್ರತಿಗಳ ಸಂಖ್ಯೆಯ ಮುಂದೆ ‘ಎ’ ಅಕ್ಷರವಿದೆ. ಸೇವೆ ಮುಗಿಸಿ ಖಾಸಗಿ ಕೈ ಸೇರಿದವುಗಳ ಮೇಲೆ ‘ಪಿ’ ಒತ್ತಿರುತ್ತಾರೆ. ಈ ಎರಡು ಅಕ್ಷರಗಳ ನಡುವೆ ಒಬ್ಬ ನಾಗರಿಕ ಸೈನಿಕನ ಇಡೀ ಸೇವಾವಧಿ ಇದೆ. 1975ರಲ್ಲಿ ಸೇನೆ ಪಿ220 ಎಂಬ ಹೊಸ ಪಿಸ್ತೂಲಿಗೆ ಹೊರಳಿತು. ಬಲವಾದ ಉಕ್ಕನ್ನು ಕೊರೆದು ಸ್ಲೈಡ್ ಮಾಡುವ ಬದಲು ತಗಡನ್ನು ಒತ್ತಿ ಮಡಚಿ ಮಾಡಿದ್ದರಿಂದ ಅದು ಅಗ್ಗವಾಯಿತು. ಕೈಗೆಲಸದ ಕಾಲ ಮುಗಿದ ಆ ಗಳಿಗೆಯನ್ನು ಎರಡೂ ಪಿಸ್ತೂಲುಗಳನ್ನು ಅಕ್ಕಪಕ್ಕ ಇಟ್ಟು ಗುಂಡು ಹಾರಿಸಿದವರು ಬೆರಳಿನಲ್ಲೇ ಗುರುತಿಸಬಲ್ಲರು.

ಸಂರಕ್ಷಕರಿಂದ ಒಂದು ಆಕ್ಷೇಪ ಬರುತ್ತದೆ: ಗುಂಡು ಹಾರಿಸಿದಷ್ಟೂ ಲೋಹ ಸವೆಯುತ್ತದೆ, ಮೂಲ ಭಾಗ ಮುರಿದರೆ ದಾಖಲೆ ಹರಿದಂತೆ. ಇದು ನಿಜ. ನೂರು ವರ್ಷದ ಲೂಗರಿನ ಒಂದು ಸಂಖ್ಯೆಯ ಭಾಗ ಮುರಿದರೆ ಮತ್ತೆ ಸಿಗುವುದಿಲ್ಲ. ಅಪರೂಪದ ಪ್ರತಿ ಗಾಜಿನ ಹಿಂದೆಯೇ ಇರಲಿ. ಆದರೆ ಬಹುಸಂಖ್ಯೆಯಲ್ಲಿ ಉಳಿದಿರುವ ಮಾದರಿಗಳಲ್ಲಿ ಒಂದೆರಡನ್ನಾದರೂ ಚಾಲನೆಯಲ್ಲಿಡಬೇಕು. ಅನುಭವಸ್ಥ ಸಂಗ್ರಾಹಕರು ಹಳೆಯ ಸ್ಪ್ರಿಂಗನ್ನು ಜೋಪಾನವಾಗಿ ತೆಗೆದಿಟ್ಟು ಹೊಸದನ್ನು ಹಾಕುತ್ತಾರೆ, ಬಂದೂಕು ಬಲ್ಲ ಕಸುಬಿಯಿಂದ ಮೊದಲು ಪರೀಕ್ಷೆ ಮಾಡಿಸುತ್ತಾರೆ, ಹಿತಮಿತವಾದ ತೋಟಾವನ್ನೇ ಬಳಸುತ್ತಾರೆ. ಪಿಸ್ತೂಲಿಗೆ ನಿಜವಾಗಿ ಹಾನಿ ಮಾಡುವುದು ಈ ಎಚ್ಚರದ ಬಳಕೆಯಲ್ಲ. ಸವೆದ ನೀಲಿ ಮೆರುಗನ್ನು ಉಜ್ಜಿ ಹೊಸದಾಗಿ ಹಚ್ಚುವ ಕೈ, ಬೆಲೆ ಏರಿಸಲು ನಕಲಿ ಮುದ್ರೆ ಒತ್ತುವ ಕೈ.

ಇನ್ನೊಂದು ಆಕ್ಷೇಪ ನೈತಿಕವಾದದ್ದು: ಕೊಲ್ಲುವ ಯಂತ್ರವನ್ನು ಕಲೆಯೆಂದು ಕೊಂಡಾಡಬಹುದೇ? ಸ್ವಿಸ್ ಪಿಸ್ತೂಲುಗಳ ಮಟ್ಟಿಗೆ ಇತಿಹಾಸ ಭಾಗಶಃ ಉತ್ತರಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಜನರಲ್ ಆನ್ರಿ ಗಿಸಾನ್ ನೇತೃತ್ವದಲ್ಲಿ ದೇಶ ಶಸ್ತ್ರಸನ್ನದ್ಧವಾಗಿ ನಿಂತಿತೇ ಹೊರತು ಯುದ್ಧಕ್ಕೆ ಇಳಿಯಲಿಲ್ಲ. ಆದರೆ ಜರ್ಮನ್ ಲೂಗರುಗಳಿಗೆ ಈ ರಿಯಾಯಿತಿ ಇಲ್ಲ, ನಾಜಿ ಮುದ್ರೆಗೆ ಹೆಚ್ಚಿನ ಬೆಲೆ ತೆರುವ ಹಂಬಲಕ್ಕೆ ಸಮರ್ಥನೆಯೂ ಇಲ್ಲ. ಆಯುಧ ಯಾರ ಕೈಯಲ್ಲಿತ್ತು, ಯಾವ ಆಡಳಿತಕ್ಕೆ ಸೇವೆ ಸಲ್ಲಿಸಿತು ಎಂಬುದನ್ನು ಬಚ್ಚಿಡದೆ ಬರೆದಿಡುವ ಸಂಗ್ರಹ ಮಾತ್ರ ಇತಿಹಾಸ ಎನಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸುರಕ್ಷತೆಯದು. 2003ರ ಸುಧಾರಣೆಯಲ್ಲಿ ಸ್ವಿಸ್ ಸೇನೆ ಅರ್ಧದಷ್ಟು ಕಿರಿದಾಗಿ ಮನೆಗಳಲ್ಲಿನ ಸೇನಾ ಆಯುಧಗಳು ಕಡಿಮೆಯಾದ ಮೇಲೆ 18ರಿಂದ 43 ವಯಸ್ಸಿನ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಇಳಿಯಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕೈಗೆಟಕುವ ಆಯುಧವೇ ಅಪಾಯ ಎಂಬುದಕ್ಕೆ ಇದು ತೂಕದ ಸಾಕ್ಷ್ಯ. ಸಂಗ್ರಾಹಕರು ಇದನ್ನು ತಳ್ಳಿಹಾಕಬಾರದು. ಸೈನಿಕರ ಮನೆಯಲ್ಲಿ ಮದ್ದುಗುಂಡು ಇಡುವ ಪದ್ಧತಿಯನ್ನು ಕೈಬಿಡಲು ಆ ದೇಶ 2007ರಲ್ಲಿ ತೀರ್ಮಾನಿಸಿತು. 2019ರ ಜನಮತಗಣನೆಯಲ್ಲಿ ಸುಮಾರು 64 ಪ್ರತಿಶತ ಮತದಾರರು ಬಿಗಿಯಾದ ಶಸ್ತ್ರ ಕಾನೂನಿಗೆ ಒಪ್ಪಿಗೆಯಿತ್ತರು. ಪರವಾನಗಿ, ಭದ್ರವಾದ ಬೀಗ, ಬೇರೆಡೆ ಇಟ್ಟ ತೋಟಾ, ಗುಂಡು ಹಾರಿಸಲು ಗುರಿಮೈದಾನ ಮಾತ್ರ: ಈ ಕಟ್ಟುಪಾಡುಗಳಿಂದ ಸಂಗ್ರಹದ ಹವ್ಯಾಸಕ್ಕೆ ಕುಂದಿಲ್ಲ. ಅವನ್ನು ಭಾರವೆಂದು ಕಾಣುವವರಿಗೆ ಈ ಹವ್ಯಾಸ ಸಲ್ಲದು.

ಭಾರತದಲ್ಲಿ 9 ಮಿ.ಮೀ. ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರುತ್ತದೆ. ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಎರಡಕ್ಕೆ ಇಳಿಸಿದೆ. ಈ ಕಾನೂನು ಸಡಿಲವಾಗಲಿ ಎಂಬುದು ಈ ಲೇಖನದ ವಾದವಲ್ಲ. ಆದರೆ ಸ್ವಿಸ್ ಸಂಗ್ರಾಹಕರ ಶಿಸ್ತು ನಮ್ಮ ವಸ್ತುಸಂಗ್ರಹಾಲಯಗಳಿಗೆ ಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೆಯ ಬಾವಿಯೊಂದರಿಂದ ಮೈಸೂರು ಸಂಸ್ಥಾನದ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಉದ್ದ, ವ್ಯಾಸ, ಲೋಹ, ಮದ್ದನ್ನು ಪರೀಕ್ಷಿಸಿದಾಗಲೇ ಅವು ಇತಿಹಾಸದ ಸಾಕ್ಷ್ಯವಾಗುವುದು. ನಮ್ಮ ಸಂಗ್ರಹಾಲಯಗಳಲ್ಲಿರುವ ಪ್ರತಿಯೊಂದು ಆಯುಧದ ಕೆಳಗೂ ಯಾರದು, ಯಾವ ಕಾಲದ್ದು ಎಂಬುದರ ಜೊತೆಗೆ ಅದು ಹೇಗೆ ಕೆಲಸ ಮಾಡುತ್ತಿತ್ತು, ಎಷ್ಟು ದೂರಕ್ಕೆ ಎಷ್ಟು ನಿಖರವಾಗಿತ್ತು ಎಂಬುದನ್ನೂ ಬರೆದಿಡಬೇಕು. ಮುಂದಿನ ಸಲ ಅಂಥ ಪೆಟ್ಟಿಗೆಯ ಮುಂದೆ ನಿಂತ ಓದುಗರು ಈ ಪ್ರಶ್ನೆಯನ್ನು ಅಲ್ಲಿನ ಅಧಿಕಾರಿಗಳಿಗೆ ತಪ್ಪದೆ ಕೇಳಲಿ.